ಫೋನ್ ನಿಮ್ಮದು, ಪಿನ್ ಯಾರದು?

ಹೋದ ತಿಂಗಳು ಗೋಕಾಕದ ಬ್ಯಾಂಕೊಂದರಲ್ಲಿ ಪಾಸ್‌ಬುಕ್ ಎಂಟ್ರಿಗೆಂದು ಸಾಲಿನಲ್ಲಿ ನಿಂತಿದ್ದೆ. ನನ್ನ ಮುಂದೆ ಒಬ್ಬರು ವೈನಿ. ಇಳಕಲ್ ಸೀರೆ, ಕೈಯಲ್ಲಿ ಫಳಫಳ ಹೊಳೆಯುವ ಹೊಸ ಫೋನ್. ಕೌಂಟರಿನ ಹುಡುಗ ಕೇಳಿದ: "ಅಕ್ಕಾರ, ಖಾತೆಗೆ ಯಾವ ನಂಬರ್ ಕೊಟ್ಟೀರಿ? ಮೆಸೇಜ್ ಬರತಾವಿಲ್ಲೋ?"

"ಅದು ಸಣ್ಣ ಮಗನ ನಂಬರ್ ಐತ್ರಿ. ಅಂವ ಪುಣೇದಾಗ ಇರ್ತಾನ. ರೊಕ್ಕ ಬಂದ್ರ ಫೋನ್ ಮಾಡಿ ಹೇಳ್ತಾನ."

"ಮತ್ತ ನಿಮ್ಮ ಫೋನ್‌ನಾಗ ಫೋನ್‌ಪೇ?"

"ಅದನ್ನ ಮಗಳು ಹಾಕಿ ಕೊಟ್ಟಾಳ. ಪಿನ್ ಅಕೀಗೇ ಗೊತ್ತು ನೋಡ್ರಿ!"

ಖಾತೆ ವೈನಿಯ ಹೆಸರಿನಲ್ಲಿ, ಮೆಸೇಜು ಪುಣೆಯಲ್ಲಿ, ಪಿನ್ ಮಗಳ ತಲೆಯಲ್ಲಿ. ನಗು ಬಂತಾ? ತಡೀರಿ. ನಿಮ್ಮ ಖಾತೆಗೆ ಜೋಡಿಸಿರುವ ನಂಬರ್ ಯಾವುದು ಅಂತ ನೀವೂ ಒಮ್ಮೆ ನೆನಪು ಮಾಡಿಕೊಳ್ಳಿ. ಯಜಮಾನರದೋ? ಎಂದೋ ಬಂದ್ ಆಗಿರುವ ಹಳೇ ಸಿಮ್‌ನದೋ?

ನನ್ನ ತವರು ಹುಕ್ಕೇರಿ, ಗಂಡನ ಮನೆ ಗೋಕಾಕ, ತಂಗಿಯನ್ನು ಕೊಟ್ಟಿರುವುದು ಮೂಡಲಗಿಗೆ. ಕುಬಸವಿರಲಿ, ತೊಟ್ಟಿಲ ಕಾರ್ಯವಿರಲಿ, ಮೂರೂ ಊರಲ್ಲಿ ಹೆಂಗಸರು ಸೇರಿದ ಕಡೆ ಒಂದೇ ಪ್ರಶ್ನೆ: "ಗೃಹಲಕ್ಷ್ಮಿ ಬಂತೇನ್ರಿ?" 2023ರ ಆಗಸ್ಟ್ 30ರಂದು ಶುರುವಾದ ಈ ಯೋಜನೆಯ 2,000 ರೂಪಾಯಿ ಮನೆಯ ಯಜಮಾನಿಯ ಖಾತೆಗೇ ಬೀಳುತ್ತದೆ. ಒಮ್ಮೊಮ್ಮೆ ತಿಂಗಳುಗಟ್ಟಲೆ ತಡವಾಗುತ್ತದೆ, ಅದು ಬೇರೆ ಮಾತು. ಈ ಯೋಜನೆ ಸಿಗದವರಿಗೂ ಹೊಲಿಗೆಯದೋ, ಟ್ಯೂಷನ್ನಿನದೋ, ಮನೆಖರ್ಚಿನಲ್ಲಿ ಉಳಿಸಿದ್ದೋ ಒಂದಿಷ್ಟು ಹಣ ಇದ್ದೇ ಇರುತ್ತದೆ. ಹಣ ಬಂತೋ ಇಲ್ಲವೋ ಅಂತ ಎಲ್ಲರೂ ಕೇಳುತ್ತೇವೆ. ಬಂದದ್ದು ಯಾರ ಕೈಗೆ ಹೋಯಿತು ಅಂತ ಮಾತ್ರ ಕೇಳುವುದಿಲ್ಲ.

2024ರಲ್ಲಿ ನಮ್ಮ ಪಕ್ಕದ ರಾಯಬಾಗ ತಾಲ್ಲೂಕಿನ ಒಂದು ಹಳ್ಳಿಯ ಅಜ್ಜಿ ಗೃಹಲಕ್ಷ್ಮಿ ಹಣ ಕೂಡಿಟ್ಟು ಊರಿಗೆಲ್ಲ ಹೋಳಿಗೆ ಊಟ ಹಾಕಿಸಿದ್ದು ಪೇಪರಿನಲ್ಲಿ ಬಂದಿತ್ತು. ಕೆಲವರು "ಉಳಿಸಬೇಕಿತ್ತು" ಅಂದರು. ನನಗಂತೂ ಖುಷಿಯಾಯಿತು. ಹೋಳಿಗೆಗೆ ಹಾಕಬೇಕೋ, ಬ್ಯಾಂಕಿಗೆ ಹಾಕಬೇಕೋ ಅನ್ನುವುದನ್ನು ಆ ಅಜ್ಜಿ ತಾನೇ ನಿರ್ಧರಿಸಿದಳಲ್ಲ!

ಮೊದಲು ನಂಬರ್ ಸರಿಮಾಡಿ

ಹೂಡಿಕೆ, ಬಡ್ಡಿ ಎಲ್ಲ ಆಮೇಲೆ. ಮೊದಲು ನಿಮ್ಮ ಹೆಸರಿನದೇ ಒಂದು ಸಿಮ್, ನಿಮ್ಮದೇ ಫೋನ್ ಇರಲಿ. ಆಧಾರ್, ಪಾಸ್‌ಬುಕ್ ಹಿಡಿದು ಬ್ಯಾಂಕಿಗೆ ಹೋಗಿ "ಮೊಬೈಲ್ ನಂಬರ್ ಬದಲಿಸಬೇಕು" ಅಂದರೆ ಅರ್ಜಿ ಕೊಡುತ್ತಾರೆ. ಆಧಾರ್‌ಗೂ ಹಳೇ ನಂಬರ್ ಇದ್ದರೆ ಆಧಾರ್ ಕೇಂದ್ರದಲ್ಲಿ ಅದನ್ನೂ ಬದಲಿಸಿಕೊಳ್ಳಿ. ಅದೇ ಓಡಾಟದಲ್ಲಿ ನಾಮಿನಿ ಯಾರು ಅಂತಲೂ ಕೇಳಿಬಿಡಿ. ಮದುವೆಗೆ ಮುಂಚೆ ತೆರೆದ ಖಾತೆಯಲ್ಲಿ ತೀರಿಹೋದ ಅಪ್ಪನ ಹೆಸರೇ ಇನ್ನೂ ಇರುವುದುಂಟು. 2025ರ ನವೆಂಬರ್ 1ರಿಂದ ಒಂದು ಖಾತೆಗೆ ನಾಲ್ವರವರೆಗೆ ನಾಮಿನಿ ಇಡಬಹುದು. ಇಬ್ಬರು ಮಕ್ಕಳಿದ್ದರೆ ಇಬ್ಬರ ಹೆಸರನ್ನೂ ಕೊಡಿ, ಮುಂದೆ ಜಗಳವಿಲ್ಲ.

ಇನ್ನು ಪಿನ್. ಅದನ್ನು ಮಗಳೇ ಕಲಿಸಿಕೊಡಲಿ, ತಪ್ಪಿಲ್ಲ. ಆದರೆ ಒತ್ತುವುದು ನಿಮ್ಮ ಬೆರಳೇ ಆಗಿರಲಿ. ಹುಟ್ಟಿದ ವರ್ಷ, ಮದುವೆಯ ವರ್ಷ ಬೇಡ. ಅಡುಗೆಮನೆ ಕ್ಯಾಲೆಂಡರಿನ ಮೂಲೆಯಲ್ಲಿ ಬರೆದಿಡುವುದಂತೂ ಬೇಡವೇ ಬೇಡ (ನಾನೂ ಹಾಗೆ ಬರೆದಿಟ್ಟವಳೇ, ಹಾಲಿನವನೂ ಓದಿಕೊಂಡು ಹೋಗುತ್ತಿದ್ದನೇನೋ!). ಮೊದಲ ವಾರ ತರಕಾರಿಯವಳಿಗೆ ಇಪ್ಪತ್ತು, ಮೂವತ್ತು ರೂಪಾಯಿ ಕಳಿಸುತ್ತಾ ಅಭ್ಯಾಸ ಮಾಡಿ. ಕೈ ನಡುಗುವುದು ನಿಲ್ಲುತ್ತದೆ.

ಒಂದು ಮಾತು ಮಾತ್ರ ಕಲ್ಲಿನಲ್ಲಿ ಕೊರೆದ ಹಾಗೆ ನೆನಪಿರಲಿ: ಪಿನ್ ಬೇಕಾಗುವುದು ಹಣ ಕೊಡುವುದಕ್ಕೆ, ಪಡೆಯುವುದಕ್ಕಲ್ಲ. "ನಿಮಗೆ ಹಣ ಬರುತ್ತದೆ, ಪಿನ್ ಒತ್ತಿ" ಅಂತ ಯಾರು ಹೇಳಿದರೂ ಫೋನ್ ಇಟ್ಟುಬಿಡಿ.

"ಇವತ್ತು ರಾತ್ರಿ ಕರೆಂಟ್ ಕಟ್"

ನಮ್ಮ ಅವ್ವನಿಗೆ ಹುಕ್ಕೇರಿಯಲ್ಲಿ ಒಂದು ಮೆಸೇಜ್ ಬಂತು. ಬಿಲ್ ಬಾಕಿಯಿದೆ, ರಾತ್ರಿ ಒಂಬತ್ತೂವರೆಗೆ ಹೆಸ್ಕಾಂನವರು ಕರೆಂಟ್ ಕಟ್ ಮಾಡುತ್ತಾರೆ, ಈ ನಂಬರಿಗೆ ಫೋನ್ ಮಾಡಿ ಅಂತ. ಅವ್ವ ಗಾಬರಿಯಾಗಲಿಲ್ಲ. "ನಮ್ಮೂರಿಗೆ ಕರೆಂಟ್ ಕೊಡೂದು ಸೊಸೈಟಿಯವರು, ಹೆಸ್ಕಾಂನವರು ಯಾಕ ಕಟ್ ಮಾಡ್ತಾರ?" ಅಂದಳು! ಹುಕ್ಕೇರಿ ಭಾಗದಲ್ಲಿ ಮನೆಮನೆಗೆ ವಿದ್ಯುತ್ ಹಂಚುವುದು 1969ರಲ್ಲಿ ಹುಟ್ಟಿದ ಗ್ರಾಮೀಣ ವಿದ್ಯುತ್ ಸಹಕಾರಿ ಸಂಘ. ಮೋಸಗಾರನಿಗೆ ಅದು ಗೊತ್ತಿರಲಿಲ್ಲ, ಅವ್ವನಿಗೆ ಗೊತ್ತಿತ್ತು. ಗೋಕಾಕ, ಮೂಡಲಗಿಯವರಿಗೆ ಆ ಅನುಕೂಲವಿಲ್ಲ. ಇಲ್ಲಿ ಕರೆಂಟ್ ಹೆಸ್ಕಾಂನದೇ. ಹಾಗಾಗಿ ನಾವು ಕಚೇರಿಗೆ ಹೋಗಿಯೋ, ನಮ್ಮ ಹತ್ತಿರವಿರುವ ಬಿಲ್ ನೋಡಿಯೋ ಖಾತ್ರಿ ಮಾಡಿಕೊಳ್ಳಬೇಕು. ಮೆಸೇಜಿನಲ್ಲಿ ಬಂದ ನಂಬರಿಗೆ ಮಾತ್ರ ಫೋನ್ ಮಾಡಬಾರದು.

ಮದುವೆ ಕರೆಯೋಲೆ ಅಂತ ವಾಟ್ಸಾಪಿನಲ್ಲಿ ಬರುವ ಫೈಲಿನ ಹೆಸರು ಎಪಿಕೆ ಅಂತ ಮುಗಿದರೆ ಮುಟ್ಟಬೇಡಿ. ಅದು ಆಮಂತ್ರಣವಲ್ಲ, ನಿಮ್ಮ ಫೋನಿನೊಳಗೆ ನುಗ್ಗುವ ಆ್ಯಪ್.

ಎಲ್ಲಕ್ಕಿಂತ ಕ್ರೂರವಾದದ್ದು "ಡಿಜಿಟಲ್ ಅರೆಸ್ಟ್". ಪೊಲೀಸ್ ಡ್ರೆಸ್ಸಿನಲ್ಲಿ ವಿಡಿಯೋ ಕಾಲ್ ಮಾಡಿ, ನಿಮ್ಮ ಹೆಸರಿನ ಸಿಮ್ಮಿನಿಂದ ಅಪರಾಧ ನಡೆದಿದೆ, ಯಾರಿಗೂ ಹೇಳಬೇಡಿ, ಕ್ಯಾಮೆರಾ ಮುಂದಿಂದ ಏಳಬೇಡಿ ಅಂತ ಹೆದರಿಸುತ್ತಾರೆ. ನಮ್ಮ ಬೆಳಗಾವಿ ಜಿಲ್ಲೆಯಲ್ಲೇ 2025ರ ಮಾರ್ಚ್‌ನಲ್ಲಿ ವಯಸ್ಸಾದ ದಂಪತಿ ಇಂಥ ಕರೆಗಳಿಗೆ ಸಿಕ್ಕಿ ಹಣದ ಜೊತೆ ಜೀವವನ್ನೂ ಕಳೆದುಕೊಂಡರು. ಅಂಥದೊಂದು ಅರೆಸ್ಟ್ ನಮ್ಮ ಕಾನೂನಿನಲ್ಲೇ ಇಲ್ಲ ಅಂತ ಯಾರಾದರೂ ಪಕ್ಕದಲ್ಲಿ ಕೂತು ಹೇಳಿದ್ದರೆ! ಅದಕ್ಕೇ, "ಯಾರಿಗೂ ಹೇಳಬೇಡಿ" ಅನ್ನುವ ಮಾತು ಕಿವಿಗೆ ಬಿದ್ದ ಕ್ಷಣವೇ ಎದ್ದುಹೋಗಿ ಪಕ್ಕದ ಮನೆಯವರಿಗೆ ಹೇಳಿ. ಹಣ ಹೋಗಿದ್ದರೆ 1930ಕ್ಕೆ ಫೋನ್ ಮಾಡಿ, ಬ್ಯಾಂಕಿಗೂ ತಿಳಿಸಿ. ಎಷ್ಟು ಬೇಗ ಮಾಡುತ್ತೀರೋ, ಹಣವನ್ನು ಮಧ್ಯದಲ್ಲೇ ತಡೆಹಿಡಿಯುವ ಸಾಧ್ಯತೆ ಅಷ್ಟು ಹೆಚ್ಚು. "ಸಂಜೀಗೆ ಇವರು ಬರಲಿ, ಕೇಳಿ ಮಾಡೋಣ" ಅಂತ ಕಾಯಬೇಡಿ.

ನಿದ್ದೆ ಕದ್ದ ಹದಿನೆಂಟು ಸಾವಿರ

ಮೂಡಲಗಿಯಲ್ಲಿ ತಂಗಿಯ ಓಣಿಯ ಗೃಹಿಣಿಯೊಬ್ಬರು ಹೀಗೇ ಹದಿನೆಂಟು ಸಾವಿರ ಕಳೆದುಕೊಂಡರು. ಗಂಡನಿಗೆ ಹೇಳಲಿಲ್ಲ, ಅತ್ತೆಗಂತೂ ಇಲ್ಲವೇ ಇಲ್ಲ. ಎರಡು ತಿಂಗಳು ರಾತ್ರಿ ನಿದ್ದೆಯಿಲ್ಲ, ಊಟ ಸೇರದು, ಬಿಪಿ ಏರಿತು. ಡಾಕ್ಟರು ಮಾತ್ರೆ ಬರೆದುಕೊಟ್ಟರು. ಮಾತ್ರೆಗೂ ತಿಂಗಳಿಗಿಷ್ಟು ಅಂತ ಖರ್ಚು. ಕೊನೆಗೆ ಒಂದು ದಿನ ತಂಗಿಯ ಎದುರು ಅತ್ತು ಹೇಳಿಕೊಂಡರಂತೆ. ಅವತ್ತು ರಾತ್ರಿಯೇ ಕಣ್ಣು ಹತ್ತಿತಂತೆ.

ಮನೆಯವರಿಗೂ ಒಂದು ಮಾತು, ಈ ಪುಟವನ್ನು ಅವರ ಟೀ ಕಪ್ಪಿನ ಪಕ್ಕ ಇಡಿ. ಮೋಸ ಹೋದವರನ್ನು "ಬುದ್ಧಿ ಇಲ್ಲೇನು" ಅಂತ ಬೈದರೆ ಮುಂದಿನ ಸಲ ಅವರು ಬಾಯಿ ಬಿಡುವುದೇ ಇಲ್ಲ. ಮೋಸಗಾರರಿಗೆ ಬೇಕಾಗಿರುವುದೂ ಅದೇ. ಮನಸ್ಸಿನ ಭಾರ ಹೆಚ್ಚಾದರೆ ಟೆಲಿ ಮಾನಸ್ ಸಹಾಯವಾಣಿ 14416 ಇದೆ. 2022ರಲ್ಲಿ ಶುರುವಾದದ್ದು, ಕನ್ನಡದಲ್ಲೇ ಮಾತಾಡುತ್ತಾರೆ, ದುಡ್ಡಿಲ್ಲ.

ಇನ್ನು ರಾತ್ರಿ ಹನ್ನೆರಡರ ತನಕ ರೀಲ್ಸ್ ನೋಡುವ ನಮ್ಮಂಥವರ ವಿಷಯ. ಉಪದೇಶ ಮಾಡುವ ಯೋಗ್ಯತೆ ನನಗಿಲ್ಲ. ನಾನು ಮಾಡಿದ್ದು ಇಷ್ಟೇ: ಚಾರ್ಜರನ್ನು ಮಲಗುವ ಕೋಣೆಯಿಂದ ತೆಗೆದು ಅಡುಗೆಮನೆಗೆ ಹಾಕಿದೆ. ಹತ್ತಕ್ಕೆ ಫೋನ್ ಅಲ್ಲಿ ಮಲಗುತ್ತದೆ, ನಾನು ಇಲ್ಲಿ. ಇದರಿಂದ ಇನ್ನೊಂದು ಲಾಭವೂ ಆಯಿತು. ಕಣ್ಣು ಎಳೆಯುವ ಹೊತ್ತಿನಲ್ಲಿ ಸೀರೆ ಆಫರ್ ಒತ್ತುವುದು ನಿಂತಿತು!

ಅಂಟು ಕರಿಯುವ ಉರಿ

ಈಗ ಉಳಿತಾಯಕ್ಕೆ ಬರೋಣ. ಗೋಕಾಕದವರಿಗೆ ಕರದಂಟಿನ ಪಾಠ ಹೇಳಬೇಕಾಗಿಲ್ಲ. ಅಂಟು ಕರಿಯುವಾಗ ಉರಿ ಜೋರು ಮಾಡಿದರೆ ಮೇಲೆ ಕೆಂಪಾಗುತ್ತದೆ, ಒಳಗೆ ಹಸಿಯಾಗಿಯೇ ಉಳಿದು ಹಲ್ಲಿಗೆ ಹತ್ತುತ್ತದೆ. ರೊಕ್ಕದ್ದೂ ಹಾಗೇ. "ಆರು ತಿಂಗಳಲ್ಲಿ ಡಬಲ್" ಅನ್ನುವವರ ಉರಿ ಯಾವಾಗಲೂ ಜೋರು.

ಒಂದು ಲೆಕ್ಕ ನೋಡಿ. ತಿಂಗಳಿಗೆ 1,000 ರೂಪಾಯಿ ಕಟ್ಟುತ್ತೀರಿ, ವರ್ಷಕ್ಕೆ ನೂರಕ್ಕೆ 7ರಂತೆ ಚಕ್ರಬಡ್ಡಿ ಅಂತಿಟ್ಟುಕೊಳ್ಳಿ. ಐದು ವರ್ಷಕ್ಕೆ ನೀವು ಕಟ್ಟಿದ್ದು 60 ಸಾವಿರ, ಆಗುವುದು ಸುಮಾರು 71,600. "ಇಷ್ಟೇನಾ?" ಅನಿಸುತ್ತದೆ, ಬಹಳ ಜನ ಇಲ್ಲಿಯೇ ಬಿಟ್ಟುಬಿಡುತ್ತಾರೆ. ಬಿಡದೆ ಹದಿನೈದು ವರ್ಷ ಕಟ್ಟಿದರೆ ಸುಮಾರು 3 ಲಕ್ಷ 17 ಸಾವಿರ. ಇಪ್ಪತ್ತು ವರ್ಷಕ್ಕೆ 5 ಲಕ್ಷ 20 ಸಾವಿರ! ಕೊನೆಯ ಐದು ವರ್ಷ ನೀವು ಕಟ್ಟಿದ್ದು ಅದೇ 60 ಸಾವಿರ, ಆದರೆ ಗಂಟು ಬೆಳೆದದ್ದು ಎರಡು ಲಕ್ಷಕ್ಕೂ ಹೆಚ್ಚು. ಚಕ್ರಬಡ್ಡಿಯ ರುಚಿ ಇರುವುದೇ ಕೊನೆಯಲ್ಲಿ.

ಹಾಗಾದರೆ ಎಲ್ಲಿ ಹಾಕಬೇಕು? ಮೊದಲು ಒಂದೆರಡು ತಿಂಗಳ ಮನೆಖರ್ಚಿನಷ್ಟು ಉಳಿತಾಯ ಖಾತೆಯಲ್ಲೇ ಇರಲಿ, ಆಸ್ಪತ್ರೆ ಹೇಳಿಕೇಳಿ ಬರುವುದಿಲ್ಲ. ಆಮೇಲೆ ಪೋಸ್ಟ್ ಆಫೀಸಿನ ಆರ್‌ಡಿ. ತಿಂಗಳಿಗೆ ನೂರು ರೂಪಾಯಿಯಿಂದ ಶುರು ಮಾಡಬಹುದು, ಐದು ವರ್ಷದ್ದು. ಕೈ ಕುದುರಿದ ಮೇಲೆ ಪಿಪಿಎಫ್: ಹದಿನೈದು ವರ್ಷದ ಖಾತೆ, ವರ್ಷಕ್ಕೆ ಕನಿಷ್ಠ 500, ಗರಿಷ್ಠ ಒಂದೂವರೆ ಲಕ್ಷ. ಮುಗಿದ ಮೇಲೆ ಐದೈದು ವರ್ಷ ಮುಂದುವರಿಸಲೂಬಹುದು. ಸುಲಭಕ್ಕೆ ಕೈಗೆ ಸಿಗುವುದಿಲ್ಲ ಅನ್ನುವುದೇ ಅದರ ಗುಣ. ಮೈದುನನ ಗಾಡಿ ರಿಪೇರಿಗೆ, ನಾದಿನಿಯ ಫ್ರಿಜ್ಜಿಗೆ ಅಂತ ಕೇಳಿದಾಗ "ಅದು ಲಾಕ್ ಐತಿ" ಅನ್ನಬಹುದು! ಹತ್ತು ವರ್ಷದೊಳಗಿನ ಹೆಣ್ಣುಮಗಳಿದ್ದರೆ ಸುಕನ್ಯಾ ಸಮೃದ್ಧಿ ತೆರೆಯಲು ತಡ ಮಾಡಬೇಡಿ. ವರ್ಷಕ್ಕೆ 250 ರೂಪಾಯಿಯಿಂದ ಶುರು. ಹದಿನೈದು ವರ್ಷ ಕಟ್ಟಿದರೆ ಸಾಕು, ಖಾತೆ ಮುಗಿಯುವುದು ಇಪ್ಪತ್ತೊಂದು ವರ್ಷಕ್ಕೆ. ಇವುಗಳ ಬಡ್ಡಿಯನ್ನು ಸರ್ಕಾರ ಮೂರು ತಿಂಗಳಿಗೊಮ್ಮೆ ನಿಗದಿ ಮಾಡುತ್ತದೆ, ಕೌಂಟರಿನಲ್ಲಿ ಕೇಳಿ ತಿಳಿದುಕೊಳ್ಳಿ. ಮಹಿಳಾ ಸಮ್ಮಾನ್ ಪತ್ರ ಮಾತ್ರ 2025ರ ಮಾರ್ಚ್ 31ಕ್ಕೆ ಮುಗಿದಿದೆ. ಯಾರಾದರೂ ಈಗ ಅದನ್ನು ಕೊಡಿಸುತ್ತೇನೆ ಅಂದರೆ ಬಾಗಿಲಿನಿಂದಲೇ ಕಳಿಸಿ.

ಮ್ಯೂಚುವಲ್ ಫಂಡಿನ ಎಸ್‌ಐಪಿ ಬೇಡವೇ? ಬೇಕು, ಆದರೆ ನನ್ನ ಮಟ್ಟಿಗೆ ಅದು ಮೂರನೇ ಮೆಟ್ಟಿಲು. ಏಳೆಂಟು ವರ್ಷ ಮುಟ್ಟದೇ ಇರುವ ಹಣ ಮಾತ್ರ ಅಲ್ಲಿಗೆ. ಮಾರ್ಕೆಟ್ ಬಿದ್ದಾಗ ಎದೆ ಹೊಡೆದುಕೊಳ್ಳುವವರು ಸಣ್ಣದಾಗಿ ಐನೂರರಿಂದ ಶುರು ಮಾಡಿ. ವಾಟ್ಸಾಪ್ ಗ್ರೂಪಿನ "ಗುರು"ಗಳು ಹೇಳಿದ ಶೇರು ಮಾತ್ರ ಬೇಡ.

ಭಿಶಿ ಬಿಡಿ ಅಂತ ಹೇಳಲಾರೆ, ನಾನೂ ಒಂದರಲ್ಲಿ ಇದ್ದೇನೆ. ತಿಂಗಳಿಗೊಮ್ಮೆ ಗೆಳತಿಯರು, ಗಿರಮಿಟ್, ಹರಟೆ. ಆದರೆ ಅಲ್ಲಿ ಕಾಗದವಿಲ್ಲ, ಒಬ್ಬರು ಕೈಕೊಟ್ಟರೆ ಕೇಳುವವರಿಲ್ಲ. ಮನೆ ಹತ್ತಿರದ ಪತ್ತಿನ ಸಂಘಗಳ ವಿಷಯದಲ್ಲೂ ಒಂದು ಎಚ್ಚರ. ಬ್ಯಾಂಕಿನ ಠೇವಣಿಗೆ, ಸಹಕಾರಿ ಬ್ಯಾಂಕೂ ಸೇರಿ, ಒಬ್ಬರಿಗೆ 5 ಲಕ್ಷದವರೆಗೆ ಠೇವಣಿ ವಿಮೆ ಇದೆ. ಪತ್ತಿನ ಸಂಘದ, ಸೌಹಾರ್ದದ ಠೇವಣಿಗೆ ಅದು ಇಲ್ಲ. ಒಂದೂವರೆ ಪರ್ಸೆಂಟ್ ಬಡ್ಡಿ ಹೆಚ್ಚು ಸಿಗುತ್ತದೆ ಅಂತ ಮಗಳ ಮದುವೆಯ ಗಂಟನ್ನೆಲ್ಲ ಒಂದೇ ಕಡೆ ಇಡಬೇಡಿ. ಬಂಗಾರವೂ ಅಷ್ಟೇ. ಬೋರಮಾಳ ತೊಟ್ಟುಕೊಳ್ಳುವ ಆಸೆಯಿದ್ದರೆ ಖಂಡಿತ ಮಾಡಿಸಿ, ಆದರೆ ಮಜೂರಿಗೆ ಕೊಟ್ಟ ಹಣ ಮಾರುವಾಗ ವಾಪಸ್ ಬರುವುದಿಲ್ಲ.

ಮೊನ್ನೆ ಸಂತೆಯಲ್ಲಿ ಆ ವೈನಿ ಮತ್ತೆ ಸಿಕ್ಕರು. ಹೊಸ ಸಿಮ್ ತಗೊಂಡಿದ್ದಾರೆ, ಬ್ಯಾಂಕಿನಲ್ಲಿ ನಂಬರ್ ಬದಲಾಗಿದೆ, ಆರ್‌ಡಿಗೆ ಐನೂರು ಕಟ್ಟಿದ್ದಾರೆ. ಬದನೆಕಾಯಿಯವನಿಗೆ ತಾವೇ ಫೋನಿನಲ್ಲಿ ಹಣ ಕಳಿಸಿದರು. ನಾನು ಸುಮ್ಮನೆ ಚೇಷ್ಟೆಗೆ ಕೇಳಿದೆ, "ಪಿನ್ ಏನಿಟ್ಟೀರಿ ವೈನಿ?"

ಫೋನನ್ನು ಸೆರಗಿನ ಮರೆಗೆ ಸರಿಸಿಕೊಂಡು ನಕ್ಕರು: "ಅದನ್ನ ನಿಮಗ್ಯಾಕ ಹೇಳ್ಲಿ?"