ಧಾವಂತದ ಬದುಕಿನಲ್ಲಿ ಮನದ ನೆಮ್ಮದಿ

1853ರ ಏಪ್ರಿಲ್ 16ರಂದು ಬೋರಿಬಂದರದಿಂದ ಠಾಣೆಗೆ ಹೊರಟ ಮೊದಲ ಪ್ರಯಾಣಿಕರ ರೈಲು ಕ್ರಮಿಸಿದ್ದು ಸುಮಾರು 34 ಕಿಲೋಮೀಟರ್. ಇಂದು ಡೊಂಬಿವಲಿ, ಕಲ್ಯಾಣಗಳಿಂದ ದಕ್ಷಿಣ ಮುಂಬಯಿಗೆ ಹೋಗಿಬರುವ ಉದ್ಯೋಗಸ್ಥರು ಅದಕ್ಕೂ ಹೆಚ್ಚಿನ ದೂರವನ್ನು ದಿನಕ್ಕೆರಡು ಬಾರಿ ಕ್ರಮಿಸುತ್ತಾರೆ. ಗಾಡಿ ದಿವಾ ನಿಲ್ದಾಣವನ್ನು ದಾಟುವ ಮುನ್ನವೇ ಮನಸ್ಸು ಕಚೇರಿಯನ್ನು ತಲುಪಿ ಮೇಲಧಿಕಾರಿಯೊಡನೆ ವಾದಕ್ಕಿಳಿದಿರುತ್ತದೆ. ಸಂಜೆ ದೇಹ ಮನೆಗೆ ಮರಳಿದರೂ ಮನಸ್ಸು ಕಡತಗಳಲ್ಲೇ ಉಳಿದಿರುತ್ತದೆ.

ಕಲ್ಪಿತ ಭೀತಿಗೂ ಶರೀರವು ನಿಜವಾದ ಅಪಾಯಕ್ಕೆಂಬಂತೆಯೇ ಸ್ಪಂದಿಸುತ್ತದೆ. ಅಡ್ರಿನಾಲಿನ್, ಕಾರ್ಟಿಸಾಲ್ ಹಾರ್ಮೋನುಗಳು ಸ್ರವಿಸಿ ಎದೆಬಡಿತ, ರಕ್ತದೊತ್ತಡಗಳು ಏರುತ್ತವೆ. ನಿತ್ಯವೂ ಹೀಗಾದರೆ ನಿದ್ರೆಯೂ ಜೀರ್ಣಶಕ್ತಿಯೂ ಕೆಡುತ್ತವೆ.

1979ರಲ್ಲಿ ಅಮೆರಿಕದ ಮ್ಯಾಸಚೂಸೆಟ್ಸ್ ವಿಶ್ವವಿದ್ಯಾಲಯದಲ್ಲಿ ಜಾನ್ ಕಬಟ್-ಜಿನ್ ಅವರು ಬೌದ್ಧ ಧ್ಯಾನಪದ್ಧತಿಯನ್ನು ಆಧರಿಸಿ ರೋಗಿಗಳಿಗಾಗಿ ಒಂದು ಶಿಕ್ಷಣಕ್ರಮವನ್ನು ಆರಂಭಿಸಿದರು. ಈ ಕ್ಷಣದಲ್ಲಿ ನಡೆಯುತ್ತಿರುವುದನ್ನು ಒಳಿತು ಕೆಡುಕೆಂದು ತೂಗದೆ ಗಮನಿಸುವುದೇ ಅದರ ತಿರುಳು.

ಆಸನ ದೊರೆತಾಗ ಬೆನ್ನನ್ನು ನೇರವಾಗಿರಿಸಿ ಐದು ನಿಮಿಷ ಉಸಿರಾಟವನ್ನಷ್ಟೇ ಗಮನಿಸಬೇಕು. ಉಸಿರನ್ನು ನಿಧಾನವಾಗಿ, ದೀರ್ಘವಾಗಿ ಹೊರಬಿಟ್ಟಾಗ ವೇಗಸ್ ನರದ ಪ್ರಭಾವದಿಂದ ಹೃದಯದ ಗತಿ ತಗ್ಗುತ್ತದೆ. ಅಲೆಯುವ ಮನಸ್ಸನ್ನು ಸಿಟ್ಟಾಗದೆ ಮತ್ತೆ ಉಸಿರಿನೆಡೆಗೆ ಕರೆತರುವುದೇ ಅಭ್ಯಾಸ. ನಿಂತು ಪ್ರಯಾಣಿಸುವವರು ಕಣ್ಣು ಮುಚ್ಚದೆ, ಪಾದಗಳ ಮೇಲಿನ ಭಾರವನ್ನೂ ಹಿಡಿಕೆಯ ಸ್ಪರ್ಶವನ್ನೂ ಗಮನಿಸಬಹುದು. ಬಾಗಿಲ ಬಳಿ ಮಾತ್ರ ಗಮನವೆಲ್ಲ ಸುರಕ್ಷತೆಯ ಮೇಲಿರಲಿ.

ಇದು ಚಿಕಿತ್ಸೆಗೆ ಬದಲಿಯಲ್ಲ. ಎದೆನೋವು ಕಂಡರೆ ತಡಮಾಡದೆ, ನಿದ್ರಾಹೀನತೆ ವಾರಗಟ್ಟಲೆ ಮುಂದುವರಿದರೂ, ವೈದ್ಯರನ್ನು ಕಾಣಲೇಬೇಕು. ಧ್ಯಾನವು ರೈಲಿನ ಜನಸಂದಣಿಯನ್ನು ಕರಗಿಸದು. ಆದರೆ ಸಂಜೆ ಮನೆಯ ಹೊಸ್ತಿಲನ್ನು ದೇಹದೊಡನೆ ಮನಸ್ಸೂ ದಾಟುವಂತೆ ಮಾಡಬಲ್ಲದು.