ಸಕಾರದ ಅರಸರು

ಗೋಡೆಯ ಕಬ್ಬಿಣದ ಕೊಕ್ಕೆಗೆ ಒಂದು ಬೋಗುಣಿ ನೇತುಬಿದ್ದಿದೆ. ಹಲಗೆಯ ಗೋಡೆ ಎಂದೋ ಕೊಳೆತು ಮಣ್ಣಾಗಿದೆ. ಮಾಡು ಕುಸಿದು ಕೋಣೆಯ ತುಂಬ ಮರಳು ಇಳಿದಿದೆ. ಬೋಗುಣಿ ಮಾತ್ರ ತೂಗುಹಾಕಿದವರು ಬಿಟ್ಟುಹೋದ ಎತ್ತರದಲ್ಲೇ, ಮರಳು ಹಿಡಿದುಕೊಂಡ ಹಾಗೆ ನಿಂತಿದೆ.

2003ರಲ್ಲಿ ಇಂಗ್ಲೆಂಡಿನ ಸೌತೆಂಡ್ ಪಟ್ಟಣದ ಪ್ರಿಟಲ್‌ವೆಲ್‌ನಲ್ಲಿ ಅಗೆದವರ ಕಣ್ಣಿಗೆ ಬಿದ್ದದ್ದು ಈ ನೋಟ. ಒಂದು ಮಗ್ಗುಲಿಗೆ ವಾಹನ ತುಂಬಿದ ರಸ್ತೆ, ಇನ್ನೊಂದು ಮಗ್ಗುಲಿಗೆ ರೈಲುಹಳಿ, ನಡುವೆ ಹುಲ್ಲಿನ ದಂಡೆ. ರಸ್ತೆ ಅಗಲ ಮಾಡಬೇಕಿತ್ತು, ಅದಕ್ಕೆ ಮೊದಲು ನೆಲದಲ್ಲೇನಿದೆ ನೋಡೋಣ ಎಂದು ಕೆದಕಿದ್ದರು. ಸಿಕ್ಕಿದ್ದು ಸುಮಾರು ನಾಲ್ಕು ಮೀಟರ್ ಚೌಕದ ಒಂದು ಕೋಣೆ, ಅಂದರೆ ಒಬ್ಬ ಶ್ರೀಮಂತನ ಸಮಾಧಿ. ಮಡಚುವ ಕಬ್ಬಿಣದ ಪೀಠ, ನೀಲಿ ಗಾಜಿನ ಲೋಟಗಳು, ಚಿನ್ನದ ಪಟ್ಟಿಕೊಂಡಿ, ಎರಡು ಚಿನ್ನದ ನಾಣ್ಯ ಎಲ್ಲ ಇದ್ದವು. ಮಲಗಿದ್ದವನೇ ಇರಲಿಲ್ಲ. ಹುಳಿಮಣ್ಣು ಎಲುಬನ್ನೆಲ್ಲ ತಿಂದು ಹಲ್ಲಿನ ಕೆಲವು ಚೂರುಗಳನ್ನಷ್ಟೇ ಬಿಟ್ಟಿತ್ತು. ತಲೆಯಿದ್ದಿರಬೇಕಾದ ಕಡೆ ಚಿನ್ನದ ತಗಡಿನ ಎರಡು ಪುಟ್ಟ ಶಿಲುಬೆಗಳು. ಅವನ್ನು ಕಣ್ಣಿನ ಮೇಲೆ ಇಟ್ಟಿದ್ದಿರಬೇಕು. ಪಕ್ಕದಲ್ಲಿ ಲೈರ್ ಎಂಬ ತಂತಿವಾದ್ಯ. ಮರ ಕರಗಿ ಮಣ್ಣಿನಲ್ಲಿ ಅದರ ಕಲೆ ಉಳಿದಿತ್ತು. ಅದಕ್ಕೆ ಕೂರಿಸಿದ್ದ ಕೆಂಪು ಕಲ್ಲುಗಳು ಭಾರತ ಉಪಖಂಡದ ಕಡೆಯವಿರಬೇಕು ಎನ್ನುತ್ತಾರೆ ಪರೀಕ್ಷಿಸಿದವರು. ಅವು ಎಷ್ಟು ಕೈ ದಾಟಿ ಆ ಮಂಜಿನ ಊರಿಗೆ ಬಂದವೋ!

ಪತ್ರಿಕೆಗಳಿಗೆ ಹೆಸರು ಬೇಕಿತ್ತು. ಕ್ರೈಸ್ತನಾದ ಮೊದಲ ಎಸ್ಸೆಕ್ಸ್ ಅರಸ ಸೇಬರ್ಟ್‌ನದೇ ಇರಬೇಕು ಎಂದಾಯಿತು. ಅವನು ಸತ್ತದ್ದು 616ರ ಸುಮಾರಿಗೆ. 2019ರಲ್ಲಿ ಪ್ರಕಟವಾದ ಅಧ್ಯಯನ ಸಮಾಧಿಯ ಕಾಲ 580ರಿಂದ 605ರ ಒಳಗೆ ಎಂದು ಹೇಳಿದ ಮೇಲೆ ಬೆರಳು ಅವನ ಸಹೋದರ ಸೆಕ್ಸನ ಕಡೆ ತಿರುಗಿತು. ಯಾರೇ ಆಗಿರಲಿ, ಹೆಸರು ‘ಸ’ದಿಂದಲೇ ಶುರುವಾಗುತ್ತಿತ್ತೆಂದು ನಾನು ಪಣ ಕಟ್ಟಬಲ್ಲೆ.

ಎಸ್ಸೆಕ್ಸಿನ, ಅಂದರೆ ಪೂರ್ವ ಸ್ಯಾಕ್ಸನರ, ಈ ಅರಸುಮನೆತನದ ಚಟವೇ ಅದು. ಸ್ಲೆಡ್, ಸೇಬರ್ಟ್, ಸೆಕ್ಸ್‌ರೆಡ್, ಸೇವಾರ್ಡ್, ಇಬ್ಬಿಬ್ಬರು ಸಿಗೆಬರ್ಟ್, ಸ್ವಿತ್‌ಹೆಲ್ಮ್, ಸಿಗೆಹೆರೆ, ಸೆಬ್ಬಿ, ಸೆಲ್‌ರೆಡ್, ಸಿಗೆರಿಕ್, ಕೊನೆಗೆ ಸಿಗೆರೆಡ್. ಹಾಜರಿ ಕರೆದರೆ ಉಪಾಧ್ಯಾಯರ ನಾಲಗೆ ತೊಡರಬೇಕು. ಅಕ್ಕಪಕ್ಕದ ರಾಜಮನೆತನಗಳು ವೋಡನ್ ದೇವರ ವಂಶದವರು ತಾವೆಂದು ಹೇಳಿಕೊಂಡರೆ, ಇವರ ಮೂಲಪುರುಷ ಸೆಕ್ಸ್‌ನೆಟ್ ಎಂಬ ಬೇರೆಯೇ ದೇವರು. ಸೂರ್ಯವಂಶದವರ ನಡುವೆ ಒಬ್ಬನೇ ಚಂದ್ರವಂಶದವ ಕೂತ ಹಾಗೆ. ಲಂಡನ್ ಇವರ ನಾಡಿನೊಳಗೇ ಇತ್ತು. ಆದರೂ ಒಮ್ಮೆ ನೆರೆರಾಜ್ಯ ಕೆಂಟ್‌ನವರ, ಆಮೇಲೆ ಮರ್ಸಿಯಾದವರ ಮಾತು ಕೇಳುವುದು ತಪ್ಪಲಿಲ್ಲ. ತಮ್ಮ ಕಥೆಯನ್ನು ತಾವೇ ಬರೆದಿಟ್ಟುಕೊಳ್ಳಲೂ ಇಲ್ಲ. ನಮಗೆ ಇವರನ್ನು ತೋರಿಸುವವನು ದೂರದ ಬಡಗಣ ಜ್ಯಾರೋ ಮಠದಲ್ಲಿ ಕೂತು 731ರಲ್ಲಿ ಚರ್ಚಿನ ಚರಿತ್ರೆ ಬರೆದು ಮುಗಿಸಿದ ಸನ್ಯಾಸಿ ಬೀಡ್. ಅವನಿಗೆ ಇವರ ಯುದ್ಧಗಳಿಗಿಂತ ಪಾಪಪುಣ್ಯದ ಲೆಕ್ಕ ಮುಖ್ಯ. ಹಾಗಾಗಿಯೇ ಇವರು ಮನುಷ್ಯರಂತೆ ಕಾಣುತ್ತಾರೆ.

ಸೇಬರ್ಟ್ ಸತ್ತ ಮೇಲಿನ ಪ್ರಸಂಗ ನೋಡಿ. 604ರಲ್ಲಿ ಲಂಡನ್ನಿಗೆ ಬಿಷಪ್ ಆಗಿ ಬಂದ ಮೆಲ್ಲಿಟಸ್ ಪೂಜೆ ಮುಗಿಸಿ ಜನರಿಗೆ ಪ್ರಸಾದದ ರೊಟ್ಟಿ ಹಂಚುತ್ತಿದ್ದಾನೆ. ಸೇಬರ್ಟ್‌ನ ಮೂವರು ಮಕ್ಕಳು ಬಂದರು. ಅವರು ಹಳೆಯ ದೇವರುಗಳವರು. ನಮ್ಮಪ್ಪ ಸಾಬಾನಿಗೆ ಕೊಡುತ್ತಿದ್ದ ಆ ಬಿಳಿ ರೊಟ್ಟಿ ನಮಗೇಕಿಲ್ಲ ಎಂದು ಕೇಳಿದರು. ಅಪ್ಪ ಮುಳುಗಿದ ನೀರಿನಲ್ಲಿ ನೀವೂ ಮುಳುಗಿ ಬನ್ನಿ ಎಂದ ಬಿಷಪ್. ದೀಕ್ಷಾಸ್ನಾನ ಬೇಡ, ರೊಟ್ಟಿ ಬೇಕು. ಅಷ್ಟೇ ಅವರ ಹಟ. ರೊಟ್ಟಿ ಸಿಗಲಿಲ್ಲ, ಬಿಷಪ್ ನಾಡು ಬಿಡಬೇಕಾಯಿತು. ಮೂವರೂ ಮುಂದೆ ಪಶ್ಚಿಮ ಸ್ಯಾಕ್ಸನರ ಎದುರು ಕಾದಿ ಸತ್ತರು. ಹಾಗಿದ್ದೂ ಲಂಡನ್ನಿನ ಜನ ಮೆಲ್ಲಿಟಸ್‌ನನ್ನು ಮತ್ತೆ ಒಳಗೆ ಬಿಟ್ಟುಕೊಳ್ಳಲಿಲ್ಲ.

ಇನ್ನು ಎರಡನೆಯ ಸಿಗೆಬರ್ಟ್. ನಾರ್ತಂಬ್ರಿಯಾದ ಅರಸ ಓಸ್ವಿಯು ಇವನ ಗೆಳೆಯ. ಮನುಷ್ಯ ಕೆತ್ತಿದ ಮರ ದೇವರು ಹೇಗಾದೀತು, ಅದೇ ಮರದ ಉಳಿದ ತುಂಡು ಒಲೆಗೆ ಹೋಗುತ್ತದಲ್ಲ ಎಂದು ಭೇಟಿಯಾದಾಗಲೆಲ್ಲ ಓಸ್ವಿಯು ವಾದಿಸುತ್ತಿದ್ದ. ವಚನ ಕೇಳಿದ ಕಿವಿಗೆ ಈ ತರ್ಕ ಹೊಸದಲ್ಲ. 653ರ ಹೊತ್ತಿಗೆ ಸಿಗೆಬರ್ಟ್ ಒಪ್ಪಿದ. ಕೆಲವು ವರ್ಷಗಳ ಮೇಲೆ ಅವನ ಬಂಧುಗಳೇ ಆದ ಇಬ್ಬರು ಅಣ್ಣತಮ್ಮಂದಿರು ಅವನನ್ನು ಕೊಂದರು. ಏಕೆಂದು ಕೇಳಿದ್ದಕ್ಕೆ ಅವರು ಕೊಟ್ಟ ಕಾರಣ ವಿಚಿತ್ರ: ಅರಸ ವೈರಿಗಳನ್ನು ಅತಿಯಾಗಿ ಕ್ಷಮಿಸುತ್ತಿದ್ದ, ಬೇಡಿಕೊಂಡರೆ ಸಾಕು ಬಿಟ್ಟುಬಿಡುತ್ತಿದ್ದ. ಸೇಡಿನ ಮೇಲೆಯೇ ಮರ್ಯಾದೆ ನಿಂತಿದ್ದ ಸಮಾಜದಲ್ಲಿ ಅದು ಸಣ್ಣ ಅಪರಾಧವಲ್ಲ.

ನನಗೆ ಹೆಚ್ಚು ಹಿಡಿಸುವವನು ಸೆಬ್ಬಿ. 664ರ ಮಹಾಮಾರಿಗೆ ಹೆದರಿ ಜೊತೆಯ ಅರಸ ಸಿಗೆಹೆರೆ ಹಳೆಯ ಗುಡಿಗಳನ್ನು ಮತ್ತೆ ಕಟ್ಟಿಸಲು ಹೊರಟರೆ ಸೆಬ್ಬಿ ಅಲುಗಲಿಲ್ಲ. ಇವನು ಬಿಷಪ್ ಆಗಬೇಕಿತ್ತು, ಅರಸನಾದದ್ದೇ ತಪ್ಪು ಎನ್ನುತ್ತಿದ್ದರಂತೆ ಜನ. ಮೂವತ್ತು ವರ್ಷ ಆಳಿದ ಮೇಲೆ ಸನ್ಯಾಸ ತೆಗೆದುಕೊಂಡ. ಕೊನೆಗಾಲದಲ್ಲಿ ಅವನಿಗೊಂದು ಅಂಜಿಕೆ: ನೋವು ತಡೆಯಲಾಗದೆ ಅರಸನಿಗೆ ತಕ್ಕುದಲ್ಲದ ಹಾಗೆ ಕೂಗಿಬಿಟ್ಟರೆ? ಹತ್ತಿರ ಒಂದಿಬ್ಬರಿಗಿಂತ ಹೆಚ್ಚು ಜನ ಬೇಡ ಎಂದು ಬಿಷಪ್‌ನನ್ನು ಕೇಳಿಕೊಂಡ. ಸಾವು ಸದ್ದಿಲ್ಲದೆ ಬಂತು, ರಗಳೆಯಾದದ್ದು ಆಮೇಲೆ. ಕಲ್ಲಿನ ಪೆಟ್ಟಿಗೆ ಗಿಡ್ಡವಾಯಿತು. ಕೆತ್ತಿ ಉದ್ದ ಮಾಡಿದರೂ ದೇಹ ಹಿಡಿಸಲಿಲ್ಲ. ಮೊಣಕಾಲು ಮಡಿಸುವುದೇ ಎಂದು ಯೋಚಿಸುತ್ತಿರುವಾಗ ಪೆಟ್ಟಿಗೆ ತಾನೇ ಹಿಗ್ಗಿ, ತಲೆಯ ಕಡೆ ದಿಂಬು ಇಡುವಷ್ಟು ಜಾಗ ಉಳಿಯಿತು ಎನ್ನುತ್ತಾನೆ ಬೀಡ್. ಲಂಡನ್ನಿನ ಸೇಂಟ್ ಪಾಲ್ಸ್‌ನಲ್ಲಿದ್ದ ಆ ಸಮಾಧಿ 1666ರ ಬೆಂಕಿಯಲ್ಲಿ ಹೋಯಿತು.

ಉಳಿದದ್ದನ್ನು ಬೇಗ ಹೇಳಬಹುದು. ಸಿಗೆಹೆರೆಯ ಮಗ ಆಫ, ಸಕಾರ ತಪ್ಪಿದ ಚೆಲುವ, 709ರಲ್ಲಿ ಹೆಂಡತಿ ನಾಡು ಎರಡನ್ನೂ ಬಿಟ್ಟು ರೋಮಿಗೆ ಹೋಗಿ ತಲೆ ಬೋಳಿಸಿಕೊಂಡ. 798ರಲ್ಲಿ ಸಿಗೆರಿಕನೂ ಅದೇ ದಾರಿ ಹಿಡಿದ. 825ರಲ್ಲಿ ವೆಸೆಕ್ಸಿನ ಎಗ್ಬರ್ಟ್ ಮರ್ಸಿಯಾವನ್ನು ಮುರಿದಾಗ ಎಸ್ಸೆಕ್ಸ್ ಅವನಿಗೆ ತಲೆಬಾಗಿತು.

ಇವರ ಕಾಲದ ಒಂದು ಗೋಡೆ ಇನ್ನೂ ನಿಂತಿದೆ, ಎಸ್ಸೆಕ್ಸಿನ ಬ್ರಾಡ್‌ವೆಲ್‌ನಲ್ಲಿ. ಹೊಲಗಳ ನಡುವಿನ ಕಾಲುದಾರಿ ಮುಗಿಯುವಲ್ಲಿ, ಉಪ್ಪುಜೌಗಿನ ಅಂಚಿಗೆ, ಉದ್ದನೆಯ ಕಣಜದಂಥ ಕಟ್ಟಡ. ಆಚೆ ಬೂದುಬಣ್ಣದ ಸಮುದ್ರ, ಇತ್ತ ಕಣ್ಣಳತೆಯಲ್ಲಿ 2002ರಲ್ಲಿ ನಿಂತುಹೋದ ಅಣುಸ್ಥಾವರ. ಸಿಗೆಬರ್ಟ್ ಕರೆಸಿಕೊಂಡ ಸನ್ಯಾಸಿ ಚೆಡ್, ಪಾಳುಬಿದ್ದ ರೋಮನ್ ಕೋಟೆಯ ಕಲ್ಲು ಇಟ್ಟಿಗೆಗಳನ್ನೇ ಆರಿಸಿ 654ರ ಸುಮಾರಿಗೆ ಆ ಕೋಟೆಗೋಡೆಯ ಮೇಲೆ ಕಟ್ಟಿದ ಚರ್ಚು ಇದು. ಆಮೇಲೆ ಜನ ಮರೆತರು, ರೈತರು ಕಣಜ ಮಾಡಿಕೊಂಡರು. ಬಂಡಿ ನುಗ್ಗಲೆಂದು ಒಡೆದ ಬಾಗಿಲುಗಳ ತೇಪೆ ಗೋಡೆಯಲ್ಲಿ ಇಂದಿಗೂ ಕಾಣುತ್ತದೆ. 1920ರಲ್ಲಿ ಅದು ಮತ್ತೆ ಚರ್ಚಾಯಿತು.

ಚೆಡ್ 664ರಲ್ಲಿ ಮಹಾಮಾರಿಗೆ ಸಿಕ್ಕಿ ಬಡಗಣ ಲಾಸ್ಟಿಂಗ್‌ಹ್ಯಾಮ್ ಮಠದಲ್ಲಿ ಸತ್ತ. ಸುದ್ದಿ ಮುಟ್ಟಿದಾಗ ಎಸ್ಸೆಕ್ಸಿನ ಅವನ ಮಠದ ಸುಮಾರು ಮೂವತ್ತು ಮಂದಿ, ಬದುಕಿದರೆ ಗುರುವಿನ ಗೋರಿಯ ಬಳಿ ಬದುಕೋಣ, ಇಲ್ಲವೇ ಅಲ್ಲೇ ಸಾಯೋಣ ಎಂದು ಹೊರಟುಹೋದರು. ಅದೇ ರೋಗ ಅವರನ್ನೂ ತೆಗೆದುಕೊಂಡಿತು. ಉಳಿದವನು ಒಬ್ಬ ಪುಟ್ಟ ಹುಡುಗ. ಅವನು ಅಲ್ಲೇ ಬೆಳೆದು ಬಹಳ ಕಾಲ ಗ್ರಂಥ ಓದಿದ ಮೇಲೆ ತಿಳಿಯಿತು, ಅವನಿಗೆ ಆ ಸ್ನಾನವೇ ಆಗಿರಲಿಲ್ಲವೆಂದು.