ದುಗುಡವೂ ಮಿದುಳೂ

ಪರೀಕ್ಷೆಯ ದಿನ ಓದಿದ್ದೆಲ್ಲವೂ ಮರೆತುಹೋಯಿತೆಂದು ಅಳುವ ವಿದ್ಯಾರ್ಥಿಯನ್ನು ಸೋಮಾರಿಯೆಂದು ಜರೆಯುವುದು ನಮ್ಮಲ್ಲಿ ವಾಡಿಕೆ. ಜರೆಯುವ ಮೊದಲು ಬೆಂಗಳೂರಿನಲ್ಲಿ ನಡೆದ ಒಂದು ಪ್ರಯೋಗವನ್ನು ಅರಿಯುವುದು ಒಳಿತು.

ಅಲ್ಲಿಯ ರಾಷ್ಟ್ರೀಯ ಜೀವವಿಜ್ಞಾನ ಕೇಂದ್ರದಲ್ಲಿ ಸುಮಂತ್ರ ಚಟರ್ಜಿಯವರು, ಶಂಕರನಾರಾಯಣ ರಾವ್ ಮೊದಲಾದ ಸಂಗಡಿಗರೊಡನೆ, ಇಲಿಗಳನ್ನು ದಿನಕ್ಕೆ 2 ಗಂಟೆಯಂತೆ 10 ದಿನ ಅಲುಗಾಡದಂತೆ ಬಂಧಿಸಿಟ್ಟು, ಬಳಿಕ ಅವುಗಳ ಮಿದುಳನ್ನು ಸೂಕ್ಷ್ಮದರ್ಶಕದಲ್ಲಿ ಪರೀಕ್ಷಿಸಿದರು. ಫಲಿತಾಂಶವು 2002ರಲ್ಲಿ ಪ್ರಕಟವಾಯಿತು. ನೆನಪಿಗೆ ಆಸರೆಯಾದ ಹಿಪ್ಪೊಕ್ಯಾಂಪಸ್ ಎಂಬ ಭಾಗದಲ್ಲಿ ನರಕೋಶಗಳ ಕವಲುಗಳು ಮೊಟಕಾಗಿದ್ದವು; ಭಯಕ್ಕೆ ನೆಲೆಯಾದ ಅಮಿಗ್ಡಲದಲ್ಲಿಯಾದರೋ ಅವು ಮುಂಚಿಗಿಂತ ಹೆಚ್ಚು ಹಬ್ಬಿದ್ದವು! 21 ದಿನಗಳ ವಿಶ್ರಾಂತಿಯ ತರುವಾಯ ಮೊದಲನೆಯ ಭಾಗವು ಚೇತರಿಸಿಕೊಂಡರೂ ಎರಡನೆಯದು ಹಬ್ಬಿದಂತೆಯೇ ಉಳಿಯಿತೆಂದೂ, ಇಲಿಗಳ ಅಂಜಿಕೆ ತಗ್ಗಲಿಲ್ಲವೆಂದೂ 2004ರಲ್ಲಿ ತಿಳಿದುಬಂದಿತು. ಕಳವಳಪಡಬೇಕಾದುದು ಇದಕ್ಕೇ ಎಂದು ನನ್ನ ಭಾವನೆ. ಇಲಿ ಮನುಷ್ಯನಲ್ಲ, ನಿಜ. ಆದರೆ ಈ ಎರಡು ಭಾಗಗಳೂ ನಮ್ಮ ತಲೆಯಲ್ಲಿಯೂ ಇವೆ.

ಇನ್ನು ಊಟದ ಮಾತು. ಮಿದುಳು ದೇಹದ ತೂಕದಲ್ಲಿ ನೂರಕ್ಕೆ 2 ಪಾಲು ಮಾತ್ರ; ವಿಶ್ರಾಂತಿಯಲ್ಲಿರುವ ದೇಹವು ವ್ಯಯಿಸುವ ಶಕ್ತಿಯಲ್ಲಿಯಾದರೋ ಸುಮಾರು 20 ಪಾಲು ಅದಕ್ಕೇ ಬೇಕು. ಹಾಗಿದ್ದೂ ಕೂಡಿಟ್ಟುಕೊಳ್ಳಲು ಅದಕ್ಕೆ ಕಣಜವೆಂಬುದಿಲ್ಲ. ರಕ್ತವು ಹೊತ್ತು ತರುವ ಗ್ಲೂಕೋಸನ್ನೇ ಅದು ಹೆಚ್ಚಾಗಿ ನೆಚ್ಚಿಕೊಂಡಿದೆ. ಬರಿಯ ಚಹಾ ಕುಡಿದು ಪವಾಯಿಯ ಗುಡ್ಡವಿಳಿದು ಬೆಳಗಿನ ತರಗತಿಗೆ ಓಡಿಬರುವ ಮಕ್ಕಳು ಈ ಸಂಗತಿಯನ್ನು ಮನೆಯಲ್ಲಿ ತಾಯಿಯವರಿಗೆ ತಿಳಿಸಬೇಕು. ಬಿಸಿ ಉಪ್ಪಿಟ್ಟೇ ಆಗಬೇಕೆಂದಿಲ್ಲ, ರಾತ್ರಿಯ ಭಾಕರಿಯೊಂದು, ಬಾಳೆಯ ಹಣ್ಣೊಂದು ಇದ್ದರೂ ನಡೆದೀತು.